ಲೇಬಲ್ ಮೇಲೆ 109, ಚಳಿಯಲ್ಲಿ 62: ಒಂದು ಮೋಟರ್‌ಹೋಮ್ ಬ್ಯಾಟರಿಯ ಪ್ರಕರಣ

ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ, ನಮ್ಮ ಮೋಟರ್‌ಹೋಮ್ ಎಂಬ ಮನೆಯಂಥ ಗಾಡಿಯನ್ನು ಬೆಚ್ಚಗಿಡುವ ಫರ್ನೇಸ್‌ನ ಸದ್ದು ಬದಲಾಗಿ ನನಗೆ ಎಚ್ಚರವಾಯಿತು. ಭರ್ರೆಂದು ತಿರುಗಬೇಕಿದ್ದ ಫ್ಯಾನ್ ಎಳೆದೆಳೆದು ಸುತ್ತುತ್ತಿತ್ತು. ಗಾಳಿ ಬರುವ ಕಿಂಡಿಗೆ ಕೈ ಒಡ್ಡಿದೆ, ತಣ್ಣಗಿತ್ತು. ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ. ಒಳಗೆ ಎಪ್ಪತ್ತೆರಡು ವರ್ಷದ ಅಮ್ಮ, ಎಂಟು ವರ್ಷದ ಮಗಳು, ಹೆಂಡತಿ, ನಾನು. ಜಾಗ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್, ಅದರ ದಕ್ಷಿಣ ಅಂಚಿನ ಮ್ಯಾದರ್ ಕ್ಯಾಂಪ್‌ಗ್ರೌಂಡ್. ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರ, ತಿಂಗಳು ನವೆಂಬರ್.

ಅಮ್ಮ ತಿಪಟೂರಿನ ಕಡೆಯವರು, ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. "ಏನೋ ಮಗ, ಬೆಂಕಿ ಆರೋಯ್ತಾ? ಆ ಗ್ಯಾಸ್ ಒಲೆನಾದ್ರೂ ಹಚ್ಚಿಡೋ, ಬೆಚ್ಚಗಾಗುತ್ತೆ" ಅಂದರು. "ಬೇಡಮ್ಮ, ಕಿಟಕಿ ಎಲ್ಲಾ ಮುಚ್ಚಿದೆ, ವಿಷಗಾಳಿ ತುಂಬ್ಕೊಳುತ್ತೆ" ಅಂದೆ. ಮುಚ್ಚಿದ ಗಾಡಿಯಲ್ಲಿ ಅಡುಗೆ ಒಲೆಯನ್ನು ಹೀಟರ್ ಮಾಡಿಕೊಂಡು ಕಾರ್ಬನ್ ಮೊನಾಕ್ಸೈಡ್‌ಗೆ ಪ್ರಾಣ ಬಿಟ್ಟವರಿದ್ದಾರೆ. ಇದ್ದ ರಗ್ಗುಗಳನ್ನೆಲ್ಲ ಅಮ್ಮನಿಗೂ ಮಗಳಿಗೂ ಹೊದಿಸಿ, ಗಾಡಿಯ ಎಂಜಿನ್ ಚಾಲೂ ಮಾಡಿದೆ. ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ನ ವೋಲ್ಟೇಜ್ ಒಳಗಿನ ಬ್ಯಾಟರಿಗೆ ತಲುಪಿದ್ದೇ ತಡ, ಫರ್ನೇಸ್ ಹೊತ್ತಿಕೊಂಡಿತು. ನಿಶ್ಶಬ್ದದ ಹೊತ್ತಿನಲ್ಲಿ ಅಕ್ಕಪಕ್ಕದವರ ನಿದ್ದೆ ಕೆಡಿಸಿದ್ದಕ್ಕೆ ಬೆಳಿಗ್ಗೆ ಮೂರು ಟೆಂಟಿನವರ ಬಳಿ ಹೋಗಿ ಕ್ಷಮೆ ಕೇಳಿದೆ.

ನನ್ನ ಲೆಕ್ಕದ ಪ್ರಕಾರ ಆ ಹೊತ್ತಿಗೆ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಅರ್ಧ ಚಾರ್ಜ್ ಉಳಿದಿರಬೇಕಿತ್ತು. ಅದು ಎಲ್ಲಿ ಹೋಯಿತು ಎಂದು ಹುಡುಕಲು ನನಗೆ ಎರಡು ವಾರ ಹಿಡಿಯಿತು.

ಗಾಡಿ ಮತ್ತು ಅದರ ಬ್ಯಾಟರಿಗಳು

ನಮ್ಮದು ಫೋರ್ಡ್ ಇ-350 ಚಾಸಿಯ ಮೇಲೆ ಕಟ್ಟಿದ 24 ಅಡಿಯ ಹಳೆಯ ಮೋಟರ್‌ಹೋಮ್, ಸೆಕೆಂಡ್ ಹ್ಯಾಂಡ್. ಇಂಥ ಗಾಡಿಯಲ್ಲಿ ಎರಡು ಬ್ಯಾಟರಿ ವ್ಯವಸ್ಥೆ ಇರುತ್ತವೆ. ಎಂಜಿನ್ ಚಾಲೂ ಮಾಡಲು ಒಂದು. ದೀಪ, ನೀರಿನ ಪಂಪು, ಫರ್ನೇಸ್, ಫ್ರಿಜ್‌ನ ಕಂಟ್ರೋಲ್ ಬೋರ್ಡ್, ಅಂದರೆ ಗಾಡಿಯೊಳಗಿನ ಸಂಸಾರಕ್ಕೆ ಇನ್ನೊಂದು. ಎರಡನೆಯದನ್ನು ಇಲ್ಲಿ ಹೌಸ್ ಬ್ಯಾಟರಿ ಎನ್ನುತ್ತಾರೆ. ನಮ್ಮ ಗಾಡಿಯಲ್ಲಿ ಅದು ಬಾಗಿಲಿನ ಮೆಟ್ಟಿಲ ಕೆಳಗಿನ ಡಬ್ಬಿಯಲ್ಲಿದೆ, ಹೊರಗಿನ ಚಳಿಗೆ ತೆರೆದುಕೊಂಡೇ.

ಮ್ಯಾದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಗಾಡಿಗೆ ಕರೆಂಟ್ ಕೊಡುವ ವ್ಯವಸ್ಥೆ ಇಲ್ಲ. ಜನರೇಟರ್ ಓಡಿಸುವುದಾದರೆ ನಿಗದಿಯಾದ ಹೊತ್ತಿನಲ್ಲಿ ಮಾತ್ರ. ಉಳಿದಂತೆ ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟರಲ್ಲೇ ಕಳೆಯಬೇಕು. ಇದು ಗೊತ್ತಿದ್ದೇ ಆ ವರ್ಷದ ಏಪ್ರಿಲ್‌ನಲ್ಲಿ ಎರಡು ಹೊಸ ಬ್ಯಾಟರಿ ಹಾಕಿಸಿದ್ದೆ. 12 ವೋಲ್ಟ್‌ನವು, ಗ್ರೂಪ್ 27 ಅಳತೆಯವು, ಮೇಲೆ "ಮರೈನ್ ಡೀಪ್ ಸೈಕಲ್" ಎಂದು ಬರೆದಿತ್ತು. ಎರಡನ್ನೂ ಪ್ಯಾರಲಲ್‌ನಲ್ಲಿ ಜೋಡಿಸಿದೆ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಲೇಬಲ್ ಮೇಲೆ ಮೂರು ಸಂಖ್ಯೆಗಳಿದ್ದವು. ದೊಡ್ಡ ಅಕ್ಷರದಲ್ಲಿ ಎಂಸಿಎ 690. ಅದಕ್ಕಿಂತ ಚಿಕ್ಕದಾಗಿ ಆರ್‌ಸಿ 160. ಇನ್ನೊಂದು ಮೂಲೆಯಲ್ಲಿ 109 ಆಂಪಿಯರ್-ಅವರ್ (ಎಷ್ಟು ಆಂಪಿಯರ್ ಕರೆಂಟನ್ನು ಎಷ್ಟು ಗಂಟೆ ಕೊಡುತ್ತದೆ ಎಂಬೆರಡರ ಗುಣಲಬ್ಧ), ಅದರ ಪಕ್ಕದಲ್ಲೇ ಕಣ್ಣಿಗೆ ಬೀಳದಷ್ಟು ಸಣ್ಣಗೆ "1 ಆಂಪಿಯರ್‌ನಲ್ಲಿ".

ನಾನು ಓದಿದ್ದು 109 ಮಾತ್ರ. ಎರಡು ಬ್ಯಾಟರಿಗೆ 218. ಆಗ ನನ್ನ ಮುಂದೆ ಇನ್ನೊಂದು ಆಯ್ಕೆಯೂ ಇತ್ತು: ಗಾಲ್ಫ್ ಕಾರ್ಟ್‌ಗೆ ಬಳಸುವ 6 ವೋಲ್ಟ್‌ನ ಎರಡು ಬ್ಯಾಟರಿ, ಸೀರೀಸ್‌ನಲ್ಲಿ. ಅದರ ಮೇಲಿದ್ದದ್ದು 225. ಏಳು ಆಂಪಿಯರ್-ಅವರ್ ವ್ಯತ್ಯಾಸಕ್ಕೆ ಅಷ್ಟು ಹೆಚ್ಚು ದುಡ್ಡು ಯಾಕೆ ಎಂದು ಅಗ್ಗದ್ದನ್ನೇ ತಂದೆ. ಅಂಗಡಿಯವನೂ "ಎರಡೂ ಒಂದೇ" ಎಂದ. ತಪ್ಪು ಅಲ್ಲೇ ಆಗಿತ್ತು.

ಆ ಎರಡು ರಾತ್ರಿಯ ಲೆಕ್ಕ

ಮನೆಗೆ ಬಂದ ಮೇಲೆ ಡಿಸಿ ಕ್ಲ್ಯಾಂಪ್ ಮೀಟರ್ ತಂದು ಒಂದೊಂದು ಉಪಕರಣ ಎಷ್ಟು ಎಳೆಯುತ್ತದೆ ಎಂದು ಅಳೆದೆ. ಫರ್ನೇಸ್ ಸುಡುವುದು ಪ್ರೊಪೇನ್ ಅನಿಲವನ್ನೇ ಆದರೂ ಅದರ ಫ್ಯಾನ್‌ಗೆ 8 ಆಂಪಿಯರ್ ಬೇಕು. ಹಳೆಯ ಮಾದರಿಯ ಬಲ್ಬು ಒಂದಕ್ಕೆ 1.5. ಫ್ರಿಜ್‌ನ ಬೋರ್ಡು, ಗ್ಯಾಸ್ ಸೋರಿಕೆ ಪತ್ತೆಯ ಅಲಾರಂ, ಹೀಗೆ ಯಾವಾಗಲೂ ಚಾಲೂ ಇರುವ ಸಣ್ಣಪುಟ್ಟವೆಲ್ಲ ಸೇರಿ ಗಂಟೆಗೆ 1. ಇನ್ವರ್ಟರ್ ಮೂಲಕ ನಡೆಯುವ 500 ವ್ಯಾಟ್‌ನ ರೈಸ್ ಕುಕ್ಕರ್‌ಗೆ 48 ಆಂಪಿಯರ್. ಈ ಕೊನೆಯ ಸಂಖ್ಯೆ ನೋಡಿ ಮೀಟರ್ ಕೆಟ್ಟಿದೆಯೇನೋ ಎಂದುಕೊಂಡಿದ್ದೆ. ಕೆಟ್ಟಿರಲಿಲ್ಲ. 120 ವೋಲ್ಟ್‌ನಲ್ಲಿ ನಾಲ್ಕು ಆಂಪಿಯರ್ ಚಿಲ್ಲರೆ ಬೇಡುವ ಕುಕ್ಕರ್ 12 ವೋಲ್ಟ್ ಕಡೆಯಿಂದ ಅದರ ಹತ್ತು ಪಟ್ಟು ಕೇಳುತ್ತದೆ. ಇನ್ವರ್ಟರ್ ತನ್ನ ಪಾಲಿನ ನಷ್ಟವನ್ನೂ ಸೇರಿಸುತ್ತದೆ.

ಮೊದಲ ರಾತ್ರಿ ಚಳಿ ಅಷ್ಟಿರಲಿಲ್ಲ. ಹದಿಮೂರು ಗಂಟೆಯಲ್ಲಿ ಫರ್ನೇಸ್ ಓಡಿದ್ದು ನೂರಕ್ಕೆ ನಲವತ್ತು ಪಾಲು ಹೊತ್ತು, ಅಂದರೆ 42 ಆಂಪಿಯರ್-ಅವರ್. ಅನ್ನಕ್ಕೆ 25 ನಿಮಿಷ, 20. ಮೂರು ಬಲ್ಬು ನಾಲ್ಕು ಗಂಟೆ, 18. ಸಣ್ಣಪುಟ್ಟಕ್ಕೆ ಹದಿನೇಳು ಗಂಟೆಗೆ 17. ಪಂಪಿಗೆ 2. ಒಟ್ಟು 99. ಬೆಳಿಗ್ಗೆ ಜನರೇಟರ್ ಓಡಿಸಿ ಹಿಂದಿರುಗಿಸಿದ್ದು 30ರಷ್ಟು. ಹಗಲು ಖರ್ಚಾದದ್ದು 10. ಸಂಜೆ ಜನರೇಟರ್‌ನಿಂದಲೇ ಅನ್ನ ಮಾಡಿಕೊಂಡು, ಬ್ಯಾಟರಿಗೂ ಇನ್ನೊಂದು 22 ತುಂಬಿಸಿದೆವು. ರಾತ್ರಿ ಎಂಟರಿಂದ ಮೂರರವರೆಗೆ ಚಳಿ ಏರಿದ್ದರಿಂದ ಫರ್ನೇಸ್ ಹೆಚ್ಚು ಹೊತ್ತು ಓಡಿ 39, ಬಲ್ಬಿಗೆ 11, ಉಳಿದದ್ದಕ್ಕೆ 8. ಕೂಡಿ ಕಳೆದರೆ ಫರ್ನೇಸ್ ನಿಂತ ಹೊತ್ತಿಗೆ ಬ್ಯಾಟರಿಯಿಂದ ನಿವ್ವಳ ಹೊರಹೋಗಿದ್ದದ್ದು ಸುಮಾರು 115.

218ರಲ್ಲಿ 115 ಹೋದರೆ 103 ಉಳಿಯಬೇಕು. ಜನರೇಟರ್ ಕೊಟ್ಟದ್ದರಲ್ಲಿ ನೂರಕ್ಕೆ ಹತ್ತು ಹದಿನೈದು ವ್ಯರ್ಥವಾಯಿತು ಎಂದು ಹಿಡಿದರೂ 95 ಉಳಿಯಬೇಕು. ಆದರೆ ಆ ರಾತ್ರಿ ಮೀಟರ್ ಇಟ್ಟಾಗ ಬ್ಯಾಟರಿಯ ತುದಿಯಲ್ಲಿ ಕಂಡದ್ದು 11.2 ವೋಲ್ಟ್. ನಮ್ಮದರಂಥ ಸೀಸದ ಬ್ಯಾಟರಿಗೆ ಅದು ತಳ ಮುಟ್ಟಿದ ಗುರುತು.

ಫರ್ನೇಸ್ ಏಕೆ ತಣ್ಣನೆಯ ಗಾಳಿ ಊದುತ್ತಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಗ್ಯಾಸಿನ ತೊಂದರೆ ಎಂದು ತಿಳಿದು ಸಿಲಿಂಡರ್ ಬದಲಿಸುವವರು ಬಹಳ. ಫರ್ನೇಸ್ ಒಳಗೆ ಗಾಳಿಯ ರಭಸಕ್ಕೆ ಓಲಾಡುವ ಒಂದು ತೆಳು ತಗಡಿನ ಸ್ವಿಚ್ ಇದೆ, ಸೇಲ್ ಸ್ವಿಚ್ ಎಂದು ಹೆಸರು. ಫ್ಯಾನ್ ಸಾಕಷ್ಟು ಜೋರಾಗಿ ತಿರುಗಿದರೆ ಮಾತ್ರ ಅದು ಒತ್ತಿಕೊಂಡು ಗ್ಯಾಸ್ ಬಿಡಲು ಅನುಮತಿ ಕೊಡುತ್ತದೆ. ವೋಲ್ಟೇಜ್ ಇಳಿದಂತೆ ಫ್ಯಾನ್ ನಿಧಾನವಾಗುತ್ತದೆ, ಸ್ವಿಚ್ ಒತ್ತಿಕೊಳ್ಳುವುದಿಲ್ಲ, ಗ್ಯಾಸ್ ಬಿಡುವುದಿಲ್ಲ. ಫ್ಯಾನ್ ಮಾತ್ರ ತಿರುಗುತ್ತಲೇ ಉಳಿದ ಚೂರುಪಾರು ಕರೆಂಟನ್ನೂ ಕುಡಿಯುತ್ತದೆ. ನಮ್ಮಲ್ಲಿ ಬ್ಯಾಟರಿಯಿಂದ ಫರ್ನೇಸ್‌ವರೆಗಿನ ತಂತಿಯಲ್ಲೇ ಅರ್ಧ ವೋಲ್ಟ್‌ಗೂ ಮೀರಿ ಸೋರುತ್ತಿತ್ತು. ಬ್ಯಾಟರಿಯಲ್ಲಿ 11.2 ಇದ್ದಾಗ ಫ್ಯಾನ್‌ಗೆ ಸಿಗುತ್ತಿದ್ದದ್ದು 10.6.

ಲೇಬಲ್‌ನ ಮೂರು ಸಂಖ್ಯೆಗಳು

ಎಂಸಿಎ ಎಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ಸೆಕೆಂಡ್ ಕಾಲ, ವೋಲ್ಟೇಜ್ 7.2ಕ್ಕಿಂತ ಕೆಳಗಿಳಿಯದೆ, ಬ್ಯಾಟರಿ ಕೊಡಬಲ್ಲ ಕರೆಂಟು. ಅದರ ಅಣ್ಣ ಸಿಸಿಎ, ಅದೇ ಪರೀಕ್ಷೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಎರಡೂ ಎಂಜಿನ್ ಎಬ್ಬಿಸುವ ತಾಕತ್ತನ್ನು ಹೇಳುತ್ತವೆ. ಅರ್ಧ ನಿಮಿಷದ ಆ ರಭಸಕ್ಕೂ ರಾತ್ರಿಯಿಡೀ ಫ್ಯಾನ್ ತಿರುಗಿಸುವ ತಾಳ್ಮೆಗೂ ಸಂಬಂಧವಿಲ್ಲ. ಕಂಬಳದ ಗದ್ದೆಯಲ್ಲಿ ಕೋಣ ಎಷ್ಟು ಸೆಕೆಂಡಿನಲ್ಲಿ ಗುರಿ ಮುಟ್ಟಿತು ಎಂದು ನೋಡಿ, ಅದು ದಿನಕ್ಕೆ ಎಷ್ಟು ಗುಂಟೆ ಉಳುತ್ತದೆ ಎಂದು ಹೇಳಲಾಗದು. ರಭಸಕ್ಕಾಗಿ ಮಾಡಿದ ಬ್ಯಾಟರಿಯಲ್ಲಿ ತೆಳುವಾದ ಪ್ಲೇಟುಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ, ತಾಳಿಕೆಗಾಗಿ ಮಾಡಿದ್ದರಲ್ಲಿ ದಪ್ಪ ಪ್ಲೇಟುಗಳು. ಹೌಸ್ ಬ್ಯಾಟರಿ ಎಂದು ಮಾರುವ ಡಬ್ಬಿಯ ಮೇಲೆ ಎಂಸಿಎಯನ್ನೇ ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚುಹಾಕಿದ್ದರೆ ಆ ಬ್ಯಾಟರಿ ಎರಡೂ ದೋಣಿಯಲ್ಲಿ ಕಾಲಿಟ್ಟಿದೆ ಎಂದು ನಾನು ಈಗ ತಿಳಿಯುತ್ತೇನೆ.

ಆರ್‌ಸಿ, ಅಂದರೆ ರಿಸರ್ವ್ ಕೆಪಾಸಿಟಿ, ನಿಮಿಷಗಳಲ್ಲಿ ಇರುತ್ತದೆ. 27 ಡಿಗ್ರಿ ಉಷ್ಣತೆಯಲ್ಲಿ 25 ಆಂಪಿಯರ್ ಎಳೆಯುತ್ತ ಹೋದರೆ 10.5 ವೋಲ್ಟ್‌ಗೆ ಇಳಿಯಲು ಎಷ್ಟು ನಿಮಿಷ ಬೇಕು ಎಂಬ ಲೆಕ್ಕ. ಗಾಡಿ ಓಡುವಾಗ ಆಲ್ಟರ್ನೇಟರ್ ಕೈಕೊಟ್ಟರೆ ದೀಪ ಹಚ್ಚಿಕೊಂಡು ಎಷ್ಟು ದೂರ ಹೋಗಬಹುದು ಎಂದು ತಿಳಿಯಲು ಹುಟ್ಟಿದ ಅಳತೆ ಇದು. ನಮ್ಮದು 160 ನಿಮಿಷ. 25ನ್ನು 160ರಿಂದ ಗುಣಿಸಿ 60ರಿಂದ ಭಾಗಿಸಿದರೆ 67 ಆಂಪಿಯರ್-ಅವರ್ ಬರುತ್ತದೆ. ಇಲ್ಲಿ ನಾನು ನಿಂತೆ. ಒಂದೇ ಲೇಬಲ್, ಒಂದೇ ಬ್ಯಾಟರಿ. ಒಂದು ಮೂಲೆ 109 ಎನ್ನುತ್ತದೆ, ಇನ್ನೊಂದು ಮೂಲೆ 67 ಎನ್ನುತ್ತದೆ. ಎರಡೂ ಸುಳ್ಳಲ್ಲ.

109 ಎಂಬುದು ಒಂದೇ ಒಂದು ಆಂಪಿಯರ್ ಎಳೆದಾಗ ಸಿಗುವುದು. ಅಂದರೆ 109 ಗಂಟೆ, ನಾಲ್ಕೂವರೆ ದಿನ, ಹನಿಹನಿಯಾಗಿ ಇಳಿಸಿದರೆ. ಯಾವ ಸಂಸಾರ ಹಾಗೆ ನಡೆಯುತ್ತದೆ? ಈ ಮಾದರಿಯ ಬ್ಯಾಟರಿಗಳಿಗೆ ರೂಢಿಯಲ್ಲಿರುವ ಅಳತೆ 20 ಗಂಟೆಯದು. 20 ಗಂಟೆಯಲ್ಲಿ ಸರಿಯಾಗಿ ಖಾಲಿಯಾಗುವಂತೆ ಒಂದೇ ಸಮನೆ ಎಳೆದರೆ ಎಷ್ಟು ಬರುತ್ತದೆ ಎಂಬುದು. ನಮ್ಮ ಊರಿನ ಯುಪಿಎಸ್ ಬ್ಯಾಟರಿಗಳ ಮೇಲೆ ಸಿ20 ಎಂದು ಬರೆದಿರುವುದು ಇದನ್ನೇ. ಗಾಲ್ಫ್ ಕಾರ್ಟ್ ಬ್ಯಾಟರಿಯ 225 ಕೂಡ 20 ಗಂಟೆಯ ಲೆಕ್ಕದ್ದು. ನಾನು ಅಂಗಡಿಯಲ್ಲಿ ಹೋಲಿಸಿದ್ದು 109 ಗಂಟೆಯ ಅಳತೆಯನ್ನು 20 ಗಂಟೆಯ ಅಳತೆಯ ಜೊತೆ. ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಕಿಲೋದಲ್ಲಿ ತೂಗಿ ಎರಡೂ ಸಮ ಎಂದ ಹಾಗೆ.

ಬೋರ್‌ವೆಲ್ ಕಲಿಸಿದ ಪಾಠ

ನಿಧಾನವಾಗಿ ಎಳೆದರೆ ಹೆಚ್ಚು, ಜೋರಾಗಿ ಎಳೆದರೆ ಕಡಿಮೆ ಕೊಡುವ ಸೀಸದ ಬ್ಯಾಟರಿಯ ಈ ಗುಣವನ್ನು ವಿಲ್ಹೆಲ್ಮ್ ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಸೂತ್ರವಾಗಿ ಬರೆದಿಟ್ಟರು. ಕರೆಂಟಿನ ಸಂಖ್ಯೆಯನ್ನು ಒಂದು ಘಾತಕ್ಕೆ ಏರಿಸಿ, ಗಂಟೆಗಳಿಂದ ಗುಣಿಸಿದರೆ ಬರುವುದು ಹೆಚ್ಚುಕಡಿಮೆ ಬದಲಾಗದ ಸಂಖ್ಯೆ. ಆ ಘಾತ ಸರಿಯಾಗಿ 1 ಆಗಿದ್ದರೆ ಹೇಗೆ ಎಳೆದರೂ ಅಷ್ಟೇ ಸಿಗುತ್ತದೆ. 1ಕ್ಕಿಂತ ಮೇಲೇರಿದಷ್ಟೂ ಜೋರಾಗಿ ಎಳೆದಾಗ ಪೆಟ್ಟು ಹೆಚ್ಚು.

ಇದನ್ನು ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಹೆಂಡತಿಗೆ ವಿವರಿಸುತ್ತಿದ್ದೆ. ಪ್ಲೇಟುಗಳು ಸ್ಪಂಜಿನಂತೆ ತೂತುತೂತಾಗಿರುತ್ತವೆ, ಕರೆಂಟ್ ಎಳೆದಾಗ ಆ ತೂತಿನೊಳಗಿನ ಆಸಿಡ್ ಮೊದಲು ಖರ್ಚಾಗುತ್ತದೆ, ಹೊರಗಿನ ಆಸಿಡ್ ಒಳಗೆ ಇಳಿಯಲು ಹೊತ್ತು ಬೇಕು, ಅಷ್ಟರಲ್ಲಿ ವೋಲ್ಟೇಜ್ ಕುಸಿಯುತ್ತದೆ ಎಂದು. ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತದೆ ಅಂದರು: "ನಮ್ ತ್ವಾಟದ ಬೋರೂ ಹಂಗೇ ಅಲ್ವೇನೋ. ದೊಡ್ಡ ಮೋಟ್ರು ಇಟ್ಟು ಎಳುದ್ರೆ ಅರ್ಧ ಗಂಟೆಗೆ ಗಾಳಿ ಉಗುಳುತ್ತೆ. ನಿಲ್ಸಿ ಒಂದ್ ಗಂಟೆ ಬಿಡು, ಮತ್ತೆ ಊರ್ಕೊಂಡಿರುತ್ತೆ. ನೀರೇನು ಎಲ್ಲೂ ಹೋಗಿರಲ್ಲ."

ನಾನು ಓದಿದ ಹಲವು ವಿವರಣೆಗಳಿಗಿಂತ ಇದು ನಿಖರ. ಅಮ್ಮನ ಕೊನೆಯ ವಾಕ್ಯದಲ್ಲಿರುವುದನ್ನು ಎಷ್ಟೋ ಜನ ತಪ್ಪಾಗಿ ಹಿಡಿದಿರುತ್ತಾರೆ. ಜೋರಾಗಿ ಎಳೆದಾಗ ಸಿಗದೆ ಉಳಿದ ಚಾರ್ಜ್ ನಾಶವಾಗುವುದಿಲ್ಲ. ಬ್ಯಾಟರಿ ಸ್ವಲ್ಪ ಹೊತ್ತು ಸುಧಾರಿಸಿಕೊಂಡ ಮೇಲೆ ನಿಧಾನವಾಗಿ ಎಳೆದರೆ ಬಹುಪಾಲು ಸಿಗುತ್ತದೆ. ಹಾಗಾಗಿ ಸಂಜೆ 25 ನಿಮಿಷ ಅನ್ನ ಮಾಡಿಕೊಂಡದ್ದಕ್ಕೆ ಇಡೀ ರಾತ್ರಿಯ ಚಾರ್ಜನ್ನು 67ರ ಲೆಕ್ಕಕ್ಕೆ ಇಳಿಸಬೇಕಾಗಿಲ್ಲ. ಆದರೆ ಆ 25 ನಿಮಿಷ ವೋಲ್ಟೇಜ್ ಕುಸಿಯುತ್ತದೆ, ಬ್ಯಾಟರಿ ಮೊದಲೇ ಅರ್ಧ ಖಾಲಿಯಾಗಿದ್ದರೆ ಇನ್ವರ್ಟರ್ ಕೀರಲು ಸದ್ದು ಮಾಡಿ ಬಂದ್ ಆಗಿಬಿಡುತ್ತದೆ.

ಲೇಬಲ್‌ನಲ್ಲಿ ಸಿಕ್ಕ ಎರಡು ಬಿಂದುಗಳಿಂದಲೇ ನಮ್ಮ ಬ್ಯಾಟರಿಯ ಘಾತ ತೆಗೆಯಬಹುದು. 1 ಆಂಪಿಯರ್‌ಗೆ 109 ಗಂಟೆ, 25 ಆಂಪಿಯರ್‌ಗೆ 2 ಗಂಟೆ 40 ನಿಮಿಷ. ಲೆಕ್ಕ ಹಾಕಿದರೆ ಬಂದದ್ದು 1.15. ಅದರಿಂದ 20 ಗಂಟೆಯ ಸಾಮರ್ಥ್ಯ ತೆಗೆದರೆ 87. ಎರಡಕ್ಕೆ 174. ಗಾಲ್ಫ್ ಕಾರ್ಟ್ ಜೋಡಿಯ 225ರ ಪಕ್ಕದಲ್ಲಿ ಇಡಬೇಕಿದ್ದ ಸಂಖ್ಯೆ ಇದು. ಏಳರ ವ್ಯತ್ಯಾಸ ಎಂದುಕೊಂಡದ್ದು ನಿಜದಲ್ಲಿ ಐವತ್ತೊಂದು.

174 ಕೂಡ ಏಕೆ ಸಿಗಲಿಲ್ಲ

174ರಲ್ಲಿ 115 ಹೋದರೂ 59 ಉಳಿಯಬೇಕಲ್ಲ? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದೂ ಒಂದು ಅರ್ಥದಲ್ಲಿ ಅಮ್ಮನೇ. ಬ್ಯಾಟರಿ ಡಬ್ಬಿ ತೆರೆದಿದ್ದೆ. ಪಕ್ಕಕ್ಕೆ ಬಂದು ನಿಂತವರು "ನೀರು ನೋಡಿದ್ಯಾ?" ಅಂದರು. ಊರಲ್ಲಿ ಲೋಡ್ ಶೆಡ್ಡಿಂಗ್ ಶುರುವಾದ ಕಾಲದಿಂದ ಮನೆಯ ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವವರು ಅವರೇ. ಬಿರಡೆ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ನಾಲ್ಕು ಸೆಲ್‌ಗಳಲ್ಲಿ ಪ್ಲೇಟಿನ ತಲೆ ಬರಿದಾಗಿ ಕಾಣುತ್ತಿತ್ತು. ನಾವಿರುವ ಫೀನಿಕ್ಸ್‌ನ ಬೇಸಿಗೆ ಎಂದರೆ 45 ಡಿಗ್ರಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಗಾಡಿ ಮನೆ ಮುಂದೆ ಚಾರ್ಜರ್‌ಗೆ ಸಿಕ್ಕಿಸಿಕೊಂಡೇ ನಿಂತಿತ್ತು, ನೀರು ಆರುತ್ತಲೇ ಇತ್ತು, ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಗಾಳಿಗೆ ಬಿದ್ದ ಪ್ಲೇಟಿನ ಭಾಗ ಮತ್ತೆ ಪೂರ್ತಿಯಾಗಿ ಕೆಲಸಕ್ಕೆ ಬರುವುದಿಲ್ಲ. ಪ್ಲೇಟು ಮುಳುಗುವಷ್ಟು ಮಾತ್ರ ನೀರು ಹಾಕಿ, ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಗುರುತಿನವರೆಗೆ ತುಂಬಿಸಿದೆ. ಮೊದಲೇ ಗುರುತಿನವರೆಗೆ ತುಂಬಿಸಿದ್ದರೆ ಚಾರ್ಜ್ ಆಗುವಾಗ ಆಸಿಡ್ ಉಬ್ಬಿ ಹೊರಚೆಲ್ಲುತ್ತದೆ.

ನಂತರ ಎರಡನ್ನೂ ಬೇರ್ಪಡಿಸಿ ಒಂದೊಂದಾಗಿ ಪರೀಕ್ಷಿಸಿದೆ. 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬು ಹಚ್ಚಿಟ್ಟು, 4.6 ಆಂಪಿಯರ್ ಎಳೆಯುತ್ತಿದೆ ಎಂದು ಖಚಿತಪಡಿಸಿಕೊಂಡು, 10.5 ವೋಲ್ಟ್‌ಗೆ ಇಳಿಯುವವರೆಗೆ ಕಾದೆ. ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಇದು. ಕೊನೆಯ ಒಂದೆರಡು ಗಂಟೆ ಪಕ್ಕದಲ್ಲೇ ಇರಬೇಕು, ಮುಗಿದ ಕೂಡಲೇ ಚಾರ್ಜ್‌ಗೆ ಹಾಕಬೇಕು. ಖಾಲಿ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಒಂದು ಬ್ಯಾಟರಿ 17 ಗಂಟೆ ತಡೆಯಿತು, ಇನ್ನೊಂದು ಹದಿನಾರೂವರೆ. 78 ಮತ್ತು 76. ಒಟ್ಟು 154.

ಇದು ಗ್ಯಾರೇಜಿನ ಬೆಚ್ಚಗಿನ ಗಾಳಿಯಲ್ಲಿ. ಕ್ಯಾನ್ಯನ್ ಅಂಚಿನ ಮೆಟ್ಟಿಲ ಡಬ್ಬಿಯಲ್ಲಿ ಉಷ್ಣತೆ ಸೊನ್ನೆಯ ಆಸುಪಾಸು. ಅಷ್ಟು ಚಳಿಯಲ್ಲಿ ಸೀಸದ ಬ್ಯಾಟರಿ ತನ್ನ ಸಾಮರ್ಥ್ಯದ ಐದನೇ ಒಂದು ಪಾಲನ್ನು ಬಿಟ್ಟುಕೊಡುವುದಿಲ್ಲ. 154ರಲ್ಲಿ ಐದನೇ ಒಂದು ಕಳೆದರೆ 123. ಒಂದೊಂದು ಬ್ಯಾಟರಿಗೆ 62. ನಾವು ತೆಗೆದಿದ್ದು 115. ಚಾರ್ಜ್ ಆಗುವಾಗಿನ ನಷ್ಟವನ್ನೂ ಸೇರಿಸಿದರೆ ಬ್ಯಾಟರಿ ಆ ರಾತ್ರಿ ತನ್ನಲ್ಲಿದ್ದದ್ದನ್ನೆಲ್ಲ ಪ್ರಾಮಾಣಿಕವಾಗಿ ಕೊಟ್ಟಿತ್ತು.

ಬದಲಿಸಿದ್ದು

ಮೊದಲು ಬ್ಯಾಟರಿ ಮುಟ್ಟಲಿಲ್ಲ, ಖರ್ಚು ಇಳಿಸಿದೆ. ಹಳೆಯ ಬಲ್ಬುಗಳ ಜಾಗಕ್ಕೆ ಎಲ್‌ಇಡಿ ಬಂತು. 1.5 ಆಂಪಿಯರ್ ಇದ್ದದ್ದು 0.2ಕ್ಕೆ ಇಳಿಯಿತು. ರೈಸ್ ಕುಕ್ಕರ್ ಮನೆಯಲ್ಲೇ ಉಳಿಯಿತು, ಗಾಡಿಗೆ ಮೂರು ಲೀಟರಿನ ಪ್ರೆಶರ್ ಕುಕ್ಕರ್ ಏರಿತು. ಗ್ಯಾಸಿನಲ್ಲಿ ಆಗುವ ಅನ್ನಕ್ಕೆ ಬ್ಯಾಟರಿ ಯಾಕೆ ಎಂಬ ಮಾತನ್ನು ಅಮ್ಮ ಮೊದಲ ದಿನವೇ ಆಡಿದ್ದರು. ಮೊದಲ ರಾತ್ರಿಯಂಥ ರಾತ್ರಿಗೆ 99 ಇದ್ದ ಖರ್ಚು ಈ ಎರಡರಿಂದಲೇ 64ರ ಹತ್ತಿರ ಬಂದು ನಿಂತಿತು. ಫರ್ನೇಸ್‌ಗೆ ಹೋಗುವ ತಂತಿಯನ್ನು ದಪ್ಪದ್ದಕ್ಕೆ ಬದಲಿಸಿದೆ.

ಆಮೇಲೆ ಬ್ಯಾಟರಿ. ಗಾಲ್ಫ್ ಕಾರ್ಟ್‌ನ ಜೋಡಿಯನ್ನೇ ತಂದೆ, ಟ್ರೋಜನ್ ಟಿ-105. ತಯಾರಕರ ಪಟ್ಟಿಯಲ್ಲಿ ಅದರ ಸಾಮರ್ಥ್ಯವನ್ನು ಮೂರು ಬೇರೆ ಬೇರೆ ಅವಧಿಗಳ ಲೆಕ್ಕದಲ್ಲಿ ಕೊಟ್ಟಿದ್ದಾರೆ: 5 ಗಂಟೆಗೆ 185, 20 ಗಂಟೆಗೆ 225, 100 ಗಂಟೆಗೆ 250. ಒಂದು ಸಂಖ್ಯೆಯ ಬದಲು ಮೂರು ಕೊಡುವ ಪಟ್ಟಿಯನ್ನೇ ನಾನು ಈಗ ನಂಬುತ್ತೇನೆ. ನಾನು ಅಂಗಡಿಯಲ್ಲಿ 218ರ ಪಕ್ಕ ಇಡಬೇಕಿದ್ದದ್ದು 250ನ್ನು.

ಈ ಜಾತಿಯ ಬ್ಯಾಟರಿ ಕೊಳ್ಳುವಾಗ ಎಡವುವ ಜಾಗಗಳು ಎರಡಿವೆ. 6 ವೋಲ್ಟ್‌ನ ಎರಡನ್ನು ಸೀರೀಸ್‌ನಲ್ಲಿ ಜೋಡಿಸಿದಾಗ ವೋಲ್ಟ್ ಕೂಡುತ್ತದೆ, ಆಂಪಿಯರ್-ಅವರ್ ಕೂಡುವುದಿಲ್ಲ. ಎರಡು 225 ಸೇರಿ 12 ವೋಲ್ಟ್‌ನಲ್ಲಿ 225 ಮಾತ್ರ, 450 ಅಲ್ಲ. ಇನ್ನೊಂದು ನಿಮಿಷಗಳ ಲೆಕ್ಕ. ಗಾಲ್ಫ್ ಕಾರ್ಟ್ ಬ್ಯಾಟರಿಯ ನಿಮಿಷಗಳನ್ನು ಹಲವೆಡೆ 75 ಆಂಪಿಯರ್‌ನಲ್ಲಿ ಅಳೆದು ಬರೆದಿರುತ್ತಾರೆ. ಟಿ-105ಕ್ಕೆ 75ರಲ್ಲಿ 115 ನಿಮಿಷ, 25ರಲ್ಲಿ 447. ಬರೀ 115 ಎಂದು ನೋಡಿದವನಿಗೆ ನಮ್ಮ ಹಳೆಯ 160 ನಿಮಿಷದ ಬ್ಯಾಟರಿಯೇ ಮೇಲು ಎನಿಸಿಬಿಡುತ್ತದೆ. ನಿಮಿಷ ಎಂದು ಕಂಡಲ್ಲೆಲ್ಲ ಎಷ್ಟು ಆಂಪಿಯರ್‌ಗೆ, ಆಂಪಿಯರ್-ಅವರ್ ಎಂದು ಕಂಡಲ್ಲೆಲ್ಲ ಎಷ್ಟು ಗಂಟೆಗೆ ಎಂದು ಹುಡುಕಬೇಕು. ಲೇಬಲ್‌ನಲ್ಲಿ ಅದು ಸಿಗದಿದ್ದರೆ ಆ ಬ್ಯಾಟರಿಯನ್ನು ನಾನು ಕೊಳ್ಳುವುದಿಲ್ಲ.

ಲಿಥಿಯಂ ಹಾಕಬಾರದಿತ್ತೇ ಎಂದು ಗೆಳೆಯರು ಕೇಳಿದರು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ಘಾತದ ಕಾಟ ಇಲ್ಲವೆನ್ನುವಷ್ಟು ಕಡಿಮೆ. 100 ಆಂಪಿಯರ್-ಅವರ್ ಎಂದರೆ ಮೆಲ್ಲಗೆ ಎಳೆದರೂ ಜೋರಾಗಿ ಎಳೆದರೂ ಹತ್ತಿರಹತ್ತಿರ ಅಷ್ಟೇ ಸಿಗುತ್ತದೆ. ತಳದವರೆಗೆ ಬಳಸಿದರೂ ಸೀಸದ್ದರಷ್ಟು ಬೇಗ ಸವೆಯುವುದಿಲ್ಲ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಒಳಗೆ ಲೋಹದ ಲಿಥಿಯಂ ಗಟ್ಟಿಕಟ್ಟಿ ಸೆಲ್ ಹಾಳಾಗುತ್ತದೆ. ನಮ್ಮ ಡಬ್ಬಿ ಇರುವುದು ಹೊರಗೆ, ಚಳಿಯ ಬೆಳಿಗ್ಗೆಯೇ ಜನರೇಟರ್ ಹಾಕುವ ಹೊತ್ತು. ಬ್ಯಾಟರಿಯನ್ನು ಒಳಕ್ಕೆ ತಂದು, ಚಾರ್ಜರ್ ಬದಲಿಸಿ, ಆಲ್ಟರ್ನೇಟರ್‌ಗೆ ಮಿತಿ ಹಾಕುವ ಉಪಕರಣ ಕೂರಿಸುವವರೆಗೆ ಅದು ನಮಗೆ ಸಲ್ಲದು. ಮುಂದೊಂದು ದಿನ ಮಾಡುವ ಆಸೆಯಿದೆ.

ಚಾರ್ಜರ್ ಮಾತ್ರ ಆಗಲೇ ಬದಲಿಸಿದೆ. ಗಾಡಿಯಲ್ಲಿದ್ದ ಹಳೆಯದು ಯಾವಾಗಲೂ 13.6 ವೋಲ್ಟ್‌ಗೇ ನಿಲ್ಲುತ್ತಿತ್ತು. ಎರಡು ಗಂಟೆ ಜನರೇಟರ್ ಓಡಿಸಿ ಬರೀ 30 ಆಂಪಿಯರ್-ಅವರ್ ತುಂಬಿದ್ದಕ್ಕೆ ಅದೇ ಕಾರಣ. ಬೇಸಿಗೆಯಿಡೀ ನೀರು ಆರಿದ್ದರಲ್ಲೂ ಅದರ ಪಾಲಿತ್ತು. ಹೊಸದು ಮೊದಲು 14.4ಕ್ಕೂ ಮೇಲೆ ಏರಿಸಿ ತುಂಬಿಸುತ್ತದೆ, ತುಂಬಿದ ಮೇಲೆ ತಾನೇ ಇಳಿಸುತ್ತದೆ. ಮೈನಸ್ ತಂತಿಗೆ, ಹರಿಯುವ ಕರೆಂಟನ್ನು ಅಳೆಯಲು ನೆರವಾಗುವ ಶಂಟ್ ಹಾಕಿ, ಒಳಗೆ ಹೊರಗೆ ಹೋದ ಒಂದೊಂದು ಆಂಪಿಯರ್-ಅವರ್ ಎಣಿಸುವ ಮೀಟರನ್ನು ಬಾಗಿಲ ಪಕ್ಕ ಕೂರಿಸಿದೆ. ಆ ಮೀಟರಿಗೆ ಬ್ಯಾಟರಿಯ ಸಾಮರ್ಥ್ಯವನ್ನೂ ಪ್ಯೂಕರ್ಟ್ ಘಾತವನ್ನೂ ನಾವೇ ಹೇಳಿಕೊಡಬೇಕು. ಅಲ್ಲಿ ತಪ್ಪು ಸಂಖ್ಯೆ ತುಂಬಿಸಿದರೆ ಅದೂ ನನ್ನ ಹಾಗೆಯೇ ಅರ್ಧ ಬಾಕಿ ಇದೆ ಎಂದು ತೋರಿಸುತ್ತ ಕೂರುತ್ತದೆ.

ಡಿಸೆಂಬರ್ ಕೊನೆಯ ವಾರ, ಅಮ್ಮ ಊರಿಗೆ ಹೊರಡುವ ಮೊದಲು, ಅದೇ ಮ್ಯಾದರ್‌ಗೆ ಮತ್ತೆ ಹೋದೆವು. ಅವರಿಗೆ ಹಿಮ ನೋಡುವ ಆಸೆಯಿತ್ತು. ನವೆಂಬರ್‌ಗಿಂತ ಹೆಚ್ಚು ಚಳಿ, ಫರ್ನೇಸ್ ನೂರಕ್ಕೆ ಅರವತ್ತೈದು ಪಾಲು ಹೊತ್ತು ಓಡಿತು. ಚಳಿಯಲ್ಲಿ 225 ಎಂದರೆ 180 ಎಂದೇ ಹಿಡಿದು, ಅದರ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂದು ನಿಶ್ಚಯಿಸಿಕೊಂಡಿದ್ದೆ. ಸೀಸದ ಬ್ಯಾಟರಿಯನ್ನು ಪದೇ ಪದೇ ತಳ ಮುಟ್ಟಿಸಿದಷ್ಟೂ ಅದರ ಆಯಸ್ಸು ಕಮ್ಮಿ. ಬೆಳಿಗ್ಗೆ ಏಳಕ್ಕೆ ಮೀಟರ್ ನೋಡಿದೆ, ಹೊರಹೋಗಿದ್ದದ್ದು 88. ಅಮ್ಮ ಎದ್ದು ಸ್ವೆಟರ್ ಬಿಚ್ಚಿಟ್ಟು ಕಾಫಿಗೆ ಹಾಲಿಡುತ್ತಿದ್ದರು.

ಜನವರಿಯಲ್ಲಿ ಊರಿಂದ ಫೋನ್ ಬಂತು. ಮನೆಯ ಯುಪಿಎಸ್ ಬ್ಯಾಟರಿ ಹೋಗಿತ್ತಂತೆ, ತಮ್ಮನ ಜೊತೆ ಅಮ್ಮನೂ ಅಂಗಡಿಗೆ ಹೋಗಿದ್ದರು. "ಎರಡಕ್ಕೂ 150 ಅಂತ್ಲೇ ಬರ್ದಿತ್ತು ಕಣೋ. ಎಷ್ಟು ಗಂಟೆ ಲೆಕ್ಕದ 150 ಅಂತ ಕೇಳ್ದೆ. ಒಂದು ಸಿ20, ಇನ್ನೊಂದು ಸಿ10 ಅಂದ." ಸಿ20 ಎಂದರೆ ಏಳೂವರೆ ಆಂಪಿಯರ್‌ನಂತೆ ಇಪ್ಪತ್ತು ಗಂಟೆ. ಸಿ10 ಎಂದರೆ ಹದಿನೈದು ಆಂಪಿಯರ್ ಎಳೆದರೂ ಹತ್ತು ಗಂಟೆ ನಿಲ್ಲುವುದು, ಅಂದರೆ ಒಳಗೆ ಸರಕು ಹೆಚ್ಚು. ಎರಡು ಫ್ಯಾನು, ಟಿವಿ, ನಾಲ್ಕು ದೀಪ ಹಾಕಿದರೆ ಮನೆಯ ಇನ್ವರ್ಟರ್ ಎಳೆಯುವುದು ಇಪ್ಪತ್ತೈದು ಆಂಪಿಯರ್ ದಾಟುತ್ತದೆ.

"ಯಾವುದು ತಗೊಂಡ್ರಿ?" ಎಂದೆ.

"ಸಿ10ದೇ. ಭಾರ ಅಂದ್ರೆ ಭಾರ. ನಿನ್ ತಮ್ಮ, ಪಕ್ಕದ್ಮನೆ ಹುಡುಗ ಇಬ್ರೂ ಸೇರಿ ಎತ್ತಿಟ್ರು."